ಮೈಸೂರು ಸ್ಯಾಂಡಲ್ ಸೋಪು: ಮಲೆನಾಡಿನ ಬಚ್ಚಲುಮನೆಯಿಂದ ಒಂದು ವಿಮರ್ಶೆ

ಸೋಪು ರಾಸಾಯನಿಕ ಉದ್ಯಮದ ಸರಕು ಎಂಬುದು ಬಚ್ಚಲುಮನೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ. ಎಣ್ಣೆಗೋ ಕೊಬ್ಬಿಗೋ ಕಾಸ್ಟಿಕ್ ಸೋಡಾ ಸೇರಿಸಿ ಕುದಿಸಿದರೆ ಸೋಪೂ ಗ್ಲಿಸರಿನ್ನೂ ಬೇರೆಬೇರೆಯಾಗುತ್ತವೆ. ಆಮೇಲಿನದೆಲ್ಲ ಪರಿಮಳ, ಬಣ್ಣ, ಅಚ್ಚು ಮತ್ತು ಜಾಹೀರಾತಿನ ಕೆಲಸ. ಮೈಸೂರು ಸ್ಯಾಂಡಲ್ ಸೋಪಿನ ವಿಷಯದಲ್ಲಿ ಇವುಗಳ ಜೊತೆಗೆ ಮತ್ತೊಂದು ಸಂಗತಿಯೂ ಇದೆ: ಅದನ್ನು ತಯಾರಿಸುವ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ ಕಂಪನಿಯ ಒಡೆಯ ರಾಜ್ಯ ಸರ್ಕಾರ. ಹೀಗಾಗಿ ಇದನ್ನು ವಿಮರ್ಶಿಸಲು ಕುಳಿತವರು ನೊರೆ, ಪರಿಮಳ, ಬಾಳಿಕೆಗಳನ್ನು ನೋಡಿ ಎದ್ದುಬಿಡಲಾಗದು. ಸೊರಗಿದ್ದ ರಾಸಾಯನಿಕ ಉದ್ಯಮವೊಂದಕ್ಕೆ ಒಂದು ಪ್ರದೇಶದ ಸರ್ಕಾರ ಹೇಗೆ ಆಸರೆ ಕೊಟ್ಟಿತು, ಆ ಆಸರೆಯಲ್ಲಿ ಯಾವುದು ಫಲಿಸಿತು, ಯಾವುದು ತಿರುಗುಬಾಣವಾಯಿತು ಎಂಬ ಲೆಕ್ಕವನ್ನೂ ನೋಡಬೇಕಾಗುತ್ತದೆ. ಶಿವಮೊಗ್ಗದವರಿಗೆ ಈ ಲೆಕ್ಕ ಕೇಳುವ ಹಕ್ಕು ಉಳಿದವರಿಗಿಂತ ತುಸು ಹೆಚ್ಚೇ ಇದೆ. ಮೈಸೂರಿನ ಬಳಿಕ ಸರ್ಕಾರದ ಎರಡನೆಯ ಗಂಧದೆಣ್ಣೆ ಕಾರ್ಖಾನೆ 1944ರಲ್ಲಿ ಆರಂಭವಾದದ್ದು ನಮ್ಮ ಊರಿನಲ್ಲಿ.

ಮೊದಲು ಬಿಲ್ಲೆಯನ್ನೇ ನೋಡೋಣ. ನಾನು ಇಲ್ಲಿ ಹೇಳುತ್ತಿರುವುದು ಎಲ್ಲ ಕಿರಾಣಿ ಅಂಗಡಿಗಳಲ್ಲೂ ಸಿಗುವ ಸಾಮಾನ್ಯ ಮೈಸೂರು ಸ್ಯಾಂಡಲ್ ಬಗ್ಗೆ. ಅದರ ದುಬಾರಿ ಅಕ್ಕತಂಗಿಯರ ಬಗ್ಗೆ ಅಲ್ಲ. ಅಂಡಾಕಾರದ ಬಿಲ್ಲೆ, ಅದರ ಮೇಲೆ ಆನೆಯ ತಲೆ ಸಿಂಹದ ಮೈ ಇರುವ ಶರಭದ ಗುರುತು, ಆಭರಣದ ಪೆಟ್ಟಿಗೆಯನ್ನು ನೆನಪಿಸುವಂತೆ ಬಳ್ಳಿ ಹೂಗಳನ್ನು ಮುದ್ರಿಸಿದ ರಟ್ಟಿನ ಡಬ್ಬಿ. ಸೋಪಿನ ಗುಣಮಟ್ಟ ಅಳೆಯಲು ನಮ್ಮಲ್ಲಿರುವ ಮುಖ್ಯ ಮಾನದಂಡ ಒಟ್ಟು ಕೊಬ್ಬಿನ ಅಂಶ, ಅಂದರೆ ಟಿಎಫ್‌ಎಂ. ಬಹುಕಾಲದಿಂದ ಬಳಕೆಯಲ್ಲಿರುವ ಭಾರತೀಯ ಮಾನಕದ ವರ್ಗೀಕರಣದ ಪ್ರಕಾರ ಇದು ಶೇಕಡ 76 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಆ ಸೋಪು ಗ್ರೇಡ್ 1 ಎನಿಸಿಕೊಳ್ಳುತ್ತದೆ, ಮೈಸೂರು ಸ್ಯಾಂಡಲ್ ಆ ವರ್ಗಕ್ಕೆ ಸೇರಿದ್ದು. ಅದೇ ಕಪಾಟಿನಲ್ಲಿ, ಅದೇ ಬಣ್ಣದ ಕಾಗದದಲ್ಲಿ, ಸಣ್ಣ ಅಕ್ಷರದಲ್ಲಿ ‘ಬೇದಿಂಗ್ ಬಾರ್’ ಎಂದು ಬರೆದುಕೊಂಡು ಕುಳಿತಿರುವ ಎಷ್ಟೋ ಬಿಲ್ಲೆಗಳು ಈ ವರ್ಗೀಕರಣದೊಳಗೆ ಬರುವುದೇ ಇಲ್ಲ. ಕೊಳ್ಳುವವರು ಡಬ್ಬಿ ತಿರುಗಿಸಿ ಈ ಒಂದು ಸಾಲನ್ನು ಓದಿದರೆ ಸಾಕು, ಜಾಹೀರಾತಿನ ಅರ್ಧ ಮಾತು ತಾನಾಗಿಯೇ ಕಳಚಿಬೀಳುತ್ತದೆ.

ಕೊಬ್ಬಿನಂಶ ಹೆಚ್ಚಿರುವುದರ ಪರಿಣಾಮ ಮಳೆಗಾಲದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಆಷಾಢದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆಯ ಬಚ್ಚಲುಗಳಲ್ಲಿ ಗೋಡೆಯೇ ಬೆವರುವಾಗ ಕಡಿಮೆ ದರ್ಜೆಯ ಬಿಲ್ಲೆ ಸೋಪಿನ ತಟ್ಟೆಯಲ್ಲಿ ಲೋಳೆಯಾಗಿ ಕುಳಿತಿರುತ್ತದೆ. ಇದು ಅಡಿಯಲ್ಲಿ ಮಾತ್ರ ಕೊಂಚ ಮೆತ್ತಗಾಗಿ, ಮೇಲೆ ಗಟ್ಟಿಯಾಗಿಯೇ ಉಳಿದು, ಶರಭದ ಗುರುತು ಅಳಿಸುವವರೆಗೂ ಆಕಾರ ಬಿಡದೆ ಸವೆಯುತ್ತದೆ. ನೊರೆಯ ಮಾತು ಬಂದಾಗ ನೀರಿನ ಮಾತೂ ಬರಬೇಕು. ದಂಬೆಯಲ್ಲಿ ಹರಿದು ಬರುವ ಅಬ್ಬಿ ನೀರಿನಲ್ಲಿ, ಜಂಬಿಟ್ಟಿಗೆಯ ನೆಲದ ಬಾವಿ ನೀರಿನಲ್ಲಿ ಸುಣ್ಣದ ಅಂಶ ಕಡಿಮೆಯಾದ್ದರಿಂದ ಯಾವ ಸೋಪಾದರೂ ಧಾರಾಳವಾಗಿ ನೊರೆ ಕೊಡುತ್ತದೆ. ಅದೇ ಬಿಲ್ಲೆಯನ್ನು ಚನ್ನಗಿರಿ, ದಾವಣಗೆರೆ ಕಡೆಯ ನೆಂಟರ ಮನೆಯ ಬೋರ್‌ವೆಲ್ ನೀರಿನಲ್ಲಿ ಉಜ್ಜಿದರೆ ನೊರೆಗಿಂತ ಮೊದಲು ಬೂದು ಬಣ್ಣದ ಕೆನೆ ಕಟ್ಟುತ್ತದೆ. ಅದು ಸೋಪಿನ ದೋಷವಲ್ಲ, ಗಡಸು ನೀರಿನ ಕ್ಯಾಲ್ಸಿಯಂ ಮೆಗ್ನೀಸಿಯಂಗಳು ಸೋಪಿನ ಕೊಬ್ಬಿನಾಮ್ಲದೊಂದಿಗೆ ಸೇರಿಕೊಳ್ಳುವ ಪರಿ. ಮಲೆನಾಡಿನವರ ಮೆಚ್ಚುಗೆಯಲ್ಲಿ ನಮ್ಮ ನೀರಿನ ಪಾಲೂ ಇದೆ ಎಂದು ಬಯಲುಸೀಮೆಯ ಓದುಗರು ತಿಳಿದುಕೊಂಡರೆ ಒಳ್ಳೆಯದು. ಅಡಿಕೆ ಸುಲಿದ ಕೈಗೆ ಹತ್ತಿದ ಚೊಗರಿನ ಕರೆಯನ್ನು ಇದು ಬಿಡಿಸುವುದಿಲ್ಲ, ಬೇರೆ ಯಾವ ಮೈಸೋಪೂ ಬಿಡಿಸುವುದಿಲ್ಲ.

ಪರಿಮಳದ ವಿಷಯದಲ್ಲಿ ಎರಡು ಮಾತಿಲ್ಲ. ಗಂಧದೆಣ್ಣೆಯ ಜೊತೆಗೆ ಪಚೋಲಿ, ಲಾವಂಚ, ಕಿತ್ತಳೆ, ಜಿರೇನಿಯಂ ಮೊದಲಾದವುಗಳ ಎಣ್ಣೆಯೂ ಇದರಲ್ಲಿ ಸೇರಿರುವುದರಿಂದ ತೇಯ್ದ ಗಂಧದ ಕೊರಡಿನ ವಾಸನೆಯೇ ಇದು ಎಂದು ಹೇಳಲಾಗದು. ಅದಕ್ಕಿಂತ ದಟ್ಟ, ಅದಕ್ಕಿಂತ ಸಿಹಿ. ಸ್ನಾನವಾದ ಮೇಲೆ ಮೈಯಲ್ಲಿ ಉಳಿಯುವುದು ತೆಳುವಾಗಿ, ಬಚ್ಚಲಿನಲ್ಲಿ ಉಳಿಯುವುದು ಹೆಚ್ಚು ಹೊತ್ತು. ಖಾಲಿ ಡಬ್ಬಿಯನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಮಡಿಕೆಯ ನಡುವೆ ಇಡುವ ರೂಢಿ ನಮ್ಮ ಕಡೆಯ ಮನೆಗಳಲ್ಲಿ ಇನ್ನೂ ಇದೆ, ಮಳೆಗಾಲದ ಮುಗ್ಗಲು ವಾಸನೆಗೆ ಅದು ಸಾಕಷ್ಟು ಕಾಲ ಎದುರು ನಿಲ್ಲುತ್ತದೆ.

ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯೊಂದರಲ್ಲಿ ಈ ಸೋಪು ಮಾರಾಟವಾಗುವ ಬಗೆಯನ್ನು ಗಮನಿಸಿದ್ದೇನೆ. ಹಿರಿಯ ಹೆಂಗಸೊಬ್ಬರು ಡಬ್ಬಿಯ ತುದಿ ಬಿಚ್ಚದೆಯೇ ಮೂಗಿನ ಬಳಿ ಹಿಡಿದು, “ಇದು ಒರಿಜಿನಲ್ ಹೌದೇನೋ ಮಾರಾಯ?” ಎಂದರು. ಅಂಗಡಿಯವನು ಬಿಲ್ಲು ಬರೆಯುತ್ತಲೇ, “ಗೌರ್ಮೆಂಟ್ ಸೋಪು ಅಮ್ಮ, ಅನುಮಾನ ಬೇಡ” ಎಂದ. ಸರ್ಕಾರದ ಹೆಸರು ಹೇಳಿ ಗಿರಾಕಿಯ ಅನುಮಾನ ಕಳೆಯಬಹುದಾದ ಸರಕುಗಳು ಈ ನಾಡಿನಲ್ಲಿ ಎಷ್ಟಿವೆ ಎಂದು ಯೋಚಿಸಿದರೆ ಆ ಉತ್ತರದ ಬೆಲೆ ತಿಳಿಯುತ್ತದೆ. ಆದರೆ ಆ ತಾಯಿಯ ಅನುಮಾನವೂ ಸುಮ್ಮನೆ ಹುಟ್ಟಿದ್ದಲ್ಲ: 2024ರ ಜನವರಿಯಲ್ಲಿ ಹೈದರಾಬಾದಿನ ಮಲಕ್‌ಪೇಟೆಯಲ್ಲಿ ಇದೇ ಹೆಸರಿನ ನಕಲಿ ಸೋಪು ತಯಾರಿಸುತ್ತಿದ್ದ ಜಾಲವೊಂದು ಸಿಕ್ಕಿಬಿದ್ದಿತ್ತು. ಈ ಸೋಪಿಗೆ 2006ರಲ್ಲಿ ಭೌಗೋಳಿಕ ಸೂಚಿಯ (ಹೆಸರು ಆ ಪ್ರದೇಶದ ಸರಕಿಗಷ್ಟೇ ಸಲ್ಲಬೇಕೆಂಬ) ಮಾನ್ಯತೆ ದೊರೆತಿರುವುದರಿಂದ ಕಾನೂನಿನ ರಕ್ಷಣೆಯೇನೋ ಇದೆ. ಅಂಗಡಿಯಲ್ಲಿ ನಿಂತವರಿಗೆ ಮಾತ್ರ ಮುದ್ರಣದ ಅಚ್ಚುಕಟ್ಟು, ಬ್ಯಾಚ್ ಸಂಖ್ಯೆ ಮತ್ತು ಪರಿಚಯದ ವ್ಯಾಪಾರಿ, ಇವೇ ಆಧಾರ.

ಇನ್ನು ಸರ್ಕಾರದ ಆಸರೆಯ ವಿಷಯಕ್ಕೆ ಬರುತ್ತೇನೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸಂಸ್ಥಾನದ ಗಂಧದ ಮರದಲ್ಲಿ ದೊಡ್ಡ ಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧ ಬಂದು ದಾರಿ ಮುಚ್ಚಿತು, ಕೊಳ್ಳುವವರಿಲ್ಲದೆ ಮರ ರಾಶಿ ಬಿದ್ದಿತು. ಆಗ ಸಂಸ್ಥಾನದ ಮುಂದೆ ಇದ್ದ ಸುಲಭದ ಹಾದಿ ಎಂದರೆ ಬೆಲೆ ಇಳಿಸಿ ಸಿಕ್ಕವರಿಗೆ ಮಾರುವುದು. ಅದರ ಬದಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನ ವಿಜ್ಞಾನಿಗಳು ಭಟ್ಟಿ ಇಳಿಸುವ ಕ್ರಮವನ್ನು ಪ್ರಯೋಗ ಮಾಡಿ ತೋರಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ತಲೆಯೆತ್ತಿತು. ಎರಡೇ ವರ್ಷದಲ್ಲಿ, 1918ರಲ್ಲಿ, ಬೆಂಗಳೂರಿನಲ್ಲಿ ಸೋಪಿನ ಕಾರ್ಖಾನೆ ಆರಂಭವಾಯಿತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದು ಸೋಪಿನ ಪಾಕವನ್ನು ರೂಪಿಸಿದವರು ಎಸ್. ಜಿ. ಶಾಸ್ತ್ರಿ, ಜನ ಅವರನ್ನು ‘ಸೋಪ್ ಶಾಸ್ತ್ರಿ’ ಎಂದೇ ಕರೆದರು. ಮರ ಮಾರುತ್ತಿದ್ದ ಸಂಸ್ಥಾನ ಎಣ್ಣೆ ಮಾರತೊಡಗಿತು, ಎಣ್ಣೆಯಲ್ಲಿಗೇ ನಿಲ್ಲದೆ ಮನೆಮನೆಯ ಗಿರಾಕಿ ಕೊಳ್ಳುವ ಸರಕಿನವರೆಗೂ ಹೋಯಿತು. ಈ ಎರಡನೆಯ ಹೆಜ್ಜೆಯೇ ಮುಂದೆ ಈ ಉದ್ಯಮದ ಪ್ರಾಣ ಉಳಿಸಿದ್ದು ಎಂಬುದು ನನ್ನ ಅಭಿಪ್ರಾಯ.

ಅದೇ ಸರ್ಕಾರ ಕೊಟ್ಟ ಮತ್ತೊಂದು ಬಗೆಯ ಆಸರೆ ಮಾತ್ರ ಮಲೆನಾಡಿಗೆ ಮುಳುವಾಯಿತು. ಶ್ರೀಗಂಧವನ್ನು ಟಿಪ್ಪು 1792ರಲ್ಲಿ ರಾಜವೃಕ್ಷವೆಂದು ಸಾರಿದ ಮೇಲೆ ಬಂದ ಸರ್ಕಾರಗಳೆಲ್ಲ ಆ ಏಕಸ್ವಾಮ್ಯವನ್ನು ಬಿಡದೆ ಕಾಪಾಡಿಕೊಂಡವು. ರೈತನ ಸ್ವಂತ ಹಿಡುವಳಿಯ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವೂ ಸರ್ಕಾರದ್ದೇ ಆಗಿತ್ತು. ಕಳುವಾದರೆ ಠಾಣೆಗೆ ಅಲೆದಾಟ, ಕಡಿದರೆ ಅಪರಾಧ, ಬೆಳೆದರೂ ಲಾಭವೆಲ್ಲ ತನ್ನದಲ್ಲ. ಕಾರ್ಖಾನೆಗೆ ಮರ ತಪ್ಪದೆ ಸಿಗಲಿ ಎಂಬ ಈ ವ್ಯವಸ್ಥೆಯಲ್ಲಿ ಮರ ಬೆಳೆಸುವವನಿಗೆ ಬೆಳೆಸಲು ಯಾವ ಕಾರಣವೂ ಉಳಿಯಲಿಲ್ಲ. ಹಕ್ಕಿ ಹಿಕ್ಕೆಯಿಂದ ಬೇಲಿಯ ಬುಡದಲ್ಲಿ ಎದ್ದ ಸಸಿಯನ್ನು ಯಾರಾದರೂ ನೋಡುವ ಮೊದಲೇ ಕಿತ್ತೆಸೆಯುತ್ತಿದ್ದರು ಎಂಬ ಮಾತನ್ನು ಸಾಗರ, ಸೊರಬ ಸೀಮೆಯ ಹಿರಿಯರು ಗುಟ್ಟೇನೂ ಅಲ್ಲವೆಂಬಂತೆ ಹೇಳುತ್ತಾರೆ. ಕಾಡಿನಲ್ಲಿ ಉಳಿದದ್ದಕ್ಕೆ ಕಳ್ಳಸಾಗಣೆಯ ಕಾಟ, ಜೊತೆಗೆ 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ, ಮರವನ್ನೇ ಒಣಗಿಸುವ ಸ್ಪೈಕ್ ರೋಗ. ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು ಖಾಸಗಿ ಜಮೀನಿನ ಗಂಧಕ್ಕೆ ಬೆಳೆದವನೇ ಒಡೆಯ ಎಂದು ಒಪ್ಪಿದ್ದು 2001ರಲ್ಲಿ, ಅಷ್ಟರಲ್ಲಿ ಹಿರಿಯ ಮರಗಳು ಖಾಲಿಯಾಗಿದ್ದವು. ಇಂದು ಈ ಕಂಪನಿ ಕೇರಳದ ಇಡುಕ್ಕಿ ಜಿಲ್ಲೆಯ ಮರಯೂರಿನ ಹರಾಜಿಗೆ ಹೋಗಿ ಗಂಧದ ಮರ ಕೊಳ್ಳುತ್ತದೆ. ಸಾಗರ, ಸೊರಬದ ಗುಡಿಗಾರರು ಕೆತ್ತನೆಗೆ ಯೋಗ್ಯವಾದ ತುಂಡಿಗಾಗಿ ಕಾಯುವುದೂ ಇದೇ ಕಥೆಯ ಇನ್ನೊಂದು ಮಗ್ಗುಲು.

ಶಿವಮೊಗ್ಗದ ಎಣ್ಣೆ ಕಾರ್ಖಾನೆಯನ್ನು ಈ ಬೆಳಕಿನಲ್ಲಿ ನೋಡಬೇಕು. ಮರದ ಹತ್ತಿರಕ್ಕೆ ಭಟ್ಟಿಯನ್ನು ತಂದದ್ದು ಸರಿಯಾದ ಲೆಕ್ಕವೇ. ಗಂಧದ ಎಣ್ಣೆ ಸಿಗುವುದು ತಿರುಳು ಮತ್ತು ಬೇರಿನಲ್ಲಿ, ಅದನ್ನು ಪುಡಿ ಮಾಡಿ ಹಬೆಯಲ್ಲಿ ದಿನಗಟ್ಟಲೆ ಬಟ್ಟಿ ಇಳಿಸಿದರೆ ಮರದ ತೂಕದ ಕೆಲವೇ ಪಾಲು ಎಣ್ಣೆ ಬರುತ್ತದೆ, ಆದ್ದರಿಂದ ಮರ ಸಾಗಿಸುವುದಕ್ಕಿಂತ ಎಣ್ಣೆ ಸಾಗಿಸುವುದು ಲೇಸು. ಆದರೆ ಕಚ್ಚಾವಸ್ತುವಿನ ಪಕ್ಕದಲ್ಲಿ ಇರುವುದೊಂದೇ ಒಂದು ಕಾರ್ಖಾನೆಯ ಬಲವಾದರೆ, ಆ ಕಚ್ಚಾವಸ್ತು ಮುಗಿದ ದಿನ ಅದಕ್ಕೆ ಬೇರೆ ಬಲವಿರುವುದಿಲ್ಲ. ಸೋಪಿನ ಘಟಕಕ್ಕೆ ಹೆಸರಿತ್ತು, ಗಿರಾಕಿ ಇದ್ದ, ಮರವನ್ನು ಎಲ್ಲಿಂದಾದರೂ ತರಿಸಿಕೊಳ್ಳುವ ತಾಕತ್ತಿತ್ತು.

ಆ ಹೆಸರಿಗೂ ಕುತ್ತು ಬಂದದ್ದುಂಟು. ಸೋಪು ಮತ್ತು ಎಣ್ಣೆಯ ಘಟಕಗಳನ್ನು ಒಂದುಗೂಡಿಸಿ 1980ರಲ್ಲಿ ಕಂಪನಿಯಾಗಿ ಮಾಡಿದ ಮೇಲೆ, ಬಹುರಾಷ್ಟ್ರೀಯ ಕಂಪನಿಗಳ ಪೈಪೋಟಿಯೂ ಉತ್ಪಾದನೆಗೂ ಮಾರಾಟಕ್ಕೂ ತಾಳೆಯಿಲ್ಲದ ಆಡಳಿತವೂ ಸೇರಿ ನಷ್ಟ ಬೆಳೆಯಿತು. 1990ರ ದಶಕದಲ್ಲಿ ಇದು ರೋಗಗ್ರಸ್ತ ಕೈಗಾರಿಕೆಗಳ ಮಂಡಳಿಯಾದ ಬಿಐಎಫ್‌ಆರ್ ಬಾಗಿಲಿಗೆ ಹೋಗಿ ನಿಂತಿತ್ತು. 1996ರಲ್ಲಿ ಪುನಶ್ಚೇತನದ ಯೋಜನೆ ಸಿಕ್ಕಿತು, 2003ರ ಹೊತ್ತಿಗೆ ಸಂಚಿತ ನಷ್ಟವನ್ನೆಲ್ಲ ತೀರಿಸಿ ಕಂಪನಿ ಆ ಮಂಡಳಿಯ ವ್ಯಾಪ್ತಿಯಿಂದ ಹೊರಬಂದಿತು. ಆ ಬಾಗಿಲಿಗೆ ಹೋದ ಸರ್ಕಾರಿ ಉದ್ಯಮಗಳಲ್ಲಿ ಹೀಗೆ ನಡೆದು ವಾಪಸು ಬಂದವು ಕಡಿಮೆ. ವಹಿವಾಟು 2023–24ರಲ್ಲಿ 1,500 ಕೋಟಿ ರೂಪಾಯಿ ದಾಟಿ, ಲಾಭಾಂಶದ ಚೆಕ್ಕು ಸರ್ಕಾರದ ಖಜಾನೆಗೆ ಬರುವಂತಾಗಿದೆ. ಸರ್ಕಾರ ಇಲ್ಲಿ ಮಾಡಿದ್ದು ಹಳೆಯ ಹೊರೆ ಇಳಿಸಿಕೊಳ್ಳಲು ಕಾಲಾವಕಾಶ ಕೊಟ್ಟಿದ್ದು; ಪ್ರತಿವರ್ಷ ನಷ್ಟ ತುಂಬಿಕೊಡುತ್ತಾ ಹೋಗಲಿಲ್ಲ. ಕಾಲಾವಕಾಶ ಉಪಯೋಗಕ್ಕೆ ಬಂದದ್ದು ಜನ ಹೆಸರು ಹಿಡಿದು ಕೇಳುವ ಸರಕೊಂದು ಕೈಯಲ್ಲಿದ್ದುದರಿಂದ.

ಅಂಥ ಸರಕು ಕೈಯಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಎಂದು ನೋಡಲು ನಾವು ಭದ್ರಾವತಿಯವರೆಗೆ ಹೋದರೆ ಸಾಕು. 1923ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಬ್ಬಿಣದ ಕಾರ್ಖಾನೆಯನ್ನು ನಾವೆಲ್ಲ ಕಬ್ಬಿಣಕ್ಕಾಗಿಯೇ ನೆನೆಯುತ್ತೇವೆ. ಅದರೊಳಗೆ ದೊಡ್ಡ ರಾಸಾಯನಿಕ ಘಟಕವೊಂದಿತ್ತು ಎಂಬುದು ಅಷ್ಟಾಗಿ ಯಾರಿಗೂ ತಿಳಿದಿಲ್ಲ. ಕಲ್ಲಿದ್ದಲು ಇಲ್ಲದ ನಾಡಿನಲ್ಲಿ ಊದುಕುಲುಮೆಗೆ ಇದ್ದಿಲು ಬೇಕಿತ್ತು. ಮಲೆನಾಡಿನ ಕಾಡಿನ ಕಟ್ಟಿಗೆಯನ್ನು ಮುಚ್ಚಿದ ಭಟ್ಟಿಯಲ್ಲಿ ಕಾಯಿಸಿ ಇದ್ದಿಲು ಪಡೆಯುವಾಗ ಹೊರಬರುವ ಹೊಗೆಯನ್ನು ತಣಿಸಿ ಮರದ ಆಲ್ಕೊಹಾಲ್ ಅಂದರೆ ಮೆಥನಾಲ್, ಅಸಿಟೇಟ್ ಆಫ್ ಲೈಮ್ ಎಂಬ ಸುಣ್ಣದ ಲವಣ ಮತ್ತು ಟಾರ್ ತೆಗೆದು ಮಾರಿದರೆ ಇದ್ದಿಲಿನ ವೆಚ್ಚ ಇಳಿಯುತ್ತದೆ ಎಂಬುದು ಯೋಜನೆಯ ಮರ್ಮ. ಬುದ್ಧಿವಂತಿಕೆಯ ಲೆಕ್ಕವೇ ಸರಿ. ಆದರೆ ಅದೇ 1923ರಲ್ಲಿ ಜರ್ಮನಿಯ ಲಾಯ್ನಾ ಎಂಬಲ್ಲಿ ಬಿಎಎಸ್‌ಎಫ್ ಕಂಪನಿ ಕಟ್ಟಿಗೆಯ ಹಂಗಿಲ್ಲದೆ ಅನಿಲಗಳಿಂದ ಮೆಥನಾಲ್ ತಯಾರಿಸುವ ಮೊದಲ ಕಾರ್ಖಾನೆಯನ್ನು ನಡೆಸಲಾರಂಭಿಸಿತು, ಕೆಲವೇ ವರ್ಷಗಳಲ್ಲಿ ಮರದಿಂದ ತೆಗೆದ ಮೆಥನಾಲಿನ ಬೆಲೆ ಜಗತ್ತಿನಾದ್ಯಂತ ಕುಸಿಯಿತು. ಭದ್ರಾವತಿಯ ಭಟ್ಟಿ ಬೆಂಕಿ ಹಿಡಿಯುವ ಹೊತ್ತಿಗೇ ಅದರ ಸರಕು ಹಳೆಯದಾಗಿತ್ತು. ಸಂಸ್ಥಾನ ಕಾಡನ್ನು ಕೊಟ್ಟಿತ್ತು, ಬಂಡವಾಳ ಕೊಟ್ಟಿತ್ತು, ಶರಾವತಿ ವಿದ್ಯುತ್ತು ಬರುವುದಕ್ಕೆ ಬಹಳ ಮುಂಚೆಯೇ ಜನರಿಗೆ ಕೆಲಸ ಕೊಟ್ಟಿತ್ತು. ಪೇಟೆಯಲ್ಲಿ ಇಳಿದ ಬೆಲೆಯನ್ನು ಮೇಲೆತ್ತಲು ಮಾತ್ರ ಅದರಿಂದ ಆಗುವಂತಿರಲಿಲ್ಲ. ಕಾರ್ಖಾನೆ ಬದುಕಿದ್ದು ಪೈಪು, ಉಕ್ಕು, ಸಿಮೆಂಟು, ಫೆರೋಸಿಲಿಕಾನ್ ಕಡೆಗೆ ಹೊರಳಿದ್ದರಿಂದ.

ಅದೇ ಊರಿನ ಮೈಸೂರು ಕಾಗದ ಕಾರ್ಖಾನೆಯದು ಇನ್ನೂ ನೋವಿನ ಉದಾಹರಣೆ. 1936ರಲ್ಲಿ ಸ್ಥಾಪನೆಯಾದ ಈ ಕಂಪನಿಗೆ ಸರ್ಕಾರ ಕೊಟ್ಟ ದೊಡ್ಡ ಆಸರೆ ಎಂದರೆ ಭೂಮಿ: 1980ರಲ್ಲಿ ನಲವತ್ತು ವರ್ಷಗಳ ಗುತ್ತಿಗೆಗೆ ಮಲೆನಾಡಿನ ಅರಣ್ಯಭೂಮಿಯನ್ನು ನೆಡುತೋಪಿಗೆ ಬಿಟ್ಟುಕೊಡಲಾಯಿತು. ಯಂತ್ರಗಳು ಹಳೆಯವಾದವು, ಸುಮಾರು 2015ರಿಂದ ಕಾಗದ ಹೊರಬರುವುದು ನಿಂತಿತು, ಅಕೇಶಿಯಾ ಮಾತ್ರ ಬೆಳೆಯುತ್ತಲೇ ಇತ್ತು. 2020ರಲ್ಲಿ ಗುತ್ತಿಗೆ ಮುಗಿದಾಗ, ನಿಂತ ಕಾರ್ಖಾನೆಯ ಹೆಸರಿನಲ್ಲಿ ಅದನ್ನು ಮುಂದುವರಿಸಲು ಹೊರಟದ್ದರ ವಿರುದ್ಧ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಹೋರಾಟ ಎದ್ದದ್ದನ್ನು ನಾವು ಕಂಡಿದ್ದೇವೆ. ಇದಕ್ಕೂ ಮೊದಲು, 1984ರಲ್ಲಿ, ಹರಿಹರದ ಬಳಿಯ ರೇಯಾನ್ ಪಲ್ಪಿನ ಕಾರ್ಖಾನೆಗೆ ನೀಲಗಿರಿ ಒದಗಿಸಲೆಂದೇ ಸರ್ಕಾರ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿ ಕಟ್ಟಿ ಗೋಮಾಳ, ಬೆಟ್ಟಗಳನ್ನು ಬರೆದುಕೊಟ್ಟಿತ್ತು. 1987ರಲ್ಲಿ ಹಾವೇರಿ ಸೀಮೆಯ ಕುಸನೂರಿನಲ್ಲಿ ಜನ ‘ಕಿತ್ತಿಕೋ ಹಚ್ಚಿಕೋ’ ಎಂದು ನೀಲಗಿರಿ ಸಸಿ ಕಿತ್ತು ಹಣ್ಣು ಮೇವಿನ ಗಿಡ ನೆಟ್ಟರು, 1991ರಲ್ಲಿ ಆ ಕಂಪನಿಯನ್ನೇ ಮುಚ್ಚಬೇಕಾಯಿತು. ಉದ್ಯಮದ ನಷ್ಟವನ್ನು ದನ ಮೇಯುವ ಬೆಟ್ಟದ ಮೇಲೆ ಹೊರಿಸುವ ಈ ಕ್ರಮಕ್ಕೆ ಆಸರೆ ಎಂಬ ಹೆಸರು ಸಲ್ಲದು.

ಎಲ್ಲ ಆಸರೆಯೂ ಇದೇ ಗತಿಯದಲ್ಲ. ನಮ್ಮ ತೋಟಗಳಿಗೆ ‘ಮಂಗಳಾ’ ಯೂರಿಯಾ ಕಳಿಸುತ್ತಾ ಬಂದ ಪಣಂಬೂರಿನ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಬಹಳ ವರ್ಷ ಕಚ್ಚಾತೈಲದಿಂದ ಬರುವ ದುಬಾರಿ ನಾಫ್ತಾ ಬಳಸಿ ಗೊಬ್ಬರ ಮಾಡುತ್ತಿತ್ತು, ಪ್ರತಿಸಲ ಸಬ್ಸಿಡಿ ನೀತಿ ಬದಲಾದಾಗಲೂ ಅದರ ಉಸಿರು ಗಂಟಲಿಗೆ ಬರುತ್ತಿತ್ತು. ಸುಮಾರು 450 ಕಿಲೋಮೀಟರಿನ ಕೊಚ್ಚಿ–ಮಂಗಳೂರು ಅನಿಲ ಕೊಳವೆಮಾರ್ಗ 2021ರ ಜನವರಿಯಲ್ಲಿ ಉದ್ಘಾಟನೆಯಾಗಿ, ಕಾರ್ಖಾನೆ ನೈಸರ್ಗಿಕ ಅನಿಲಕ್ಕೆ ಬದಲಾಯಿತು. ಯಾರೋ ಒಬ್ಬರ ನಷ್ಟ ತುಂಬುವ ಬದಲು ಎಲ್ಲರೂ ಬಳಸಬಹುದಾದ ಕೊಳವೆ ಹಾಕಿದ್ದು ಲೇಸಾಯಿತು.

ಯುರೋಪಿನಲ್ಲಿ ಈಗ ನಡೆಯುತ್ತಿರುವ ಚರ್ಚೆಯೂ ಇದೇ ಸುತ್ತಿನದು. 2022ರಲ್ಲಿ ರಷ್ಯಾದ ಅನಿಲ ತಪ್ಪಿ ಇಂಧನದ ಬೆಲೆ ಏರಿದ ಮೇಲೆ ಅಲ್ಲಿನ ರಾಸಾಯನಿಕ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಜರ್ಮನಿಯ ಲುಡ್ವಿಗ್ಸ್‌ಹಾಫೆನ್ನಿನ ಅಮೋನಿಯಾ ಘಟಕಗಳಲ್ಲಿ ಒಂದನ್ನು ಮುಚ್ಚುವುದಾಗಿ ಬಿಎಎಸ್‌ಎಫ್ 2023ರಲ್ಲಿ ಪ್ರಕಟಿಸಿತು, 2024ರ ಫೆಬ್ರುವರಿಯಲ್ಲಿ ಉದ್ಯಮಿಗಳು ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಸೇರಿ ಸರ್ಕಾರಗಳ ನೆರವು ಬೇಡುವ ಘೋಷಣೆಗೆ ಸಹಿ ಹಾಕಿದರು. ಇದೇ ಪ್ರಶ್ನೆಗೆ ಹಿಂದೊಮ್ಮೆ ಉತ್ತರ ಕೊಟ್ಟ ಪ್ರದೇಶ ಅಲ್ಲಿಯೇ ಇದೆ, ಅದು ಮೇಲೆ ಹೇಳಿದ ಲಾಯ್ನಾದ ಸೀಮೆ. 1990ರಲ್ಲಿ ಪೂರ್ವ ಜರ್ಮನಿ ಇಲ್ಲವಾದಾಗ ಲಾಯ್ನಾ, ಬಿಟರ್‌ಫೆಲ್ಡ್‌ಗಳ ಬೃಹತ್ ಸರ್ಕಾರಿ ಕಾರ್ಖಾನೆಗಳು ಮುಳುಗುತ್ತಿದ್ದವು, ನೆಲ ನೀರು ವಿಷವಾಗಿತ್ತು. ಹಳೆಯ ಕಂಪನಿಯನ್ನು ಹಾಗೆಯೇ ಸಾಕುವ ಬದಲು ಅದನ್ನು ಬಿಡಿಸಿ, ಹಬೆ, ವಿದ್ಯುತ್ತು, ಕೊಳವೆಜಾಲ, ಕೊಳಚೆ ಶುದ್ಧೀಕರಣಗಳನ್ನು ಒಂದು ಸಾಮೂಹಿಕ ವ್ಯವಸ್ಥೆಯಾಗಿ ಉಳಿಸಿಕೊಂಡು, ಸುತ್ತಲಿನ ಜಾಗವನ್ನು ‘ಕೆಮಿ ಪಾರ್ಕ್’, ಅಂದರೆ ರಾಸಾಯನಿಕ ಉದ್ಯಮಗಳ ವಲಯ ಮಾಡಿ ಹೊಸ ಕಂಪನಿಗಳನ್ನು ಕರೆತಂದರು. ಬಿಟರ್‌ಫೆಲ್ಡಿಗೆ ಔಷಧ ಕಂಪನಿ ಬಾಯರ್ ಬಂದು ಆಸ್ಪಿರಿನ್ ತಯಾರಿಸತೊಡಗಿತು. ಹತ್ತಾರು ಸಾವಿರ ಕೆಲಸಗಳು ಹೋದದ್ದು ನಿಜ, ಆ ಸೀಮೆ ಮಾತ್ರ ರಾಸಾಯನಿಕ ಸೀಮೆಯಾಗಿಯೇ ಉಳಿಯಿತು. ಗುಜರಾತಿನ ಅಂಕಲೇಶ್ವರ, ವಾಪಿಗಳಲ್ಲಿ ಸಣ್ಣ ಘಟಕಗಳಿಗೆ ಸಾಮೂಹಿಕ ತ್ಯಾಜ್ಯ ಶುದ್ಧೀಕರಣ ಘಟಕ ಕಟ್ಟಿಕೊಟ್ಟದ್ದೂ ಇದೇ ಜಾತಿಯ ಆಸರೆ, ಅಲ್ಲಿಯ ನದಿಗಳ ಸ್ಥಿತಿ ನೋಡಿದರೆ ಅದನ್ನು ಮಾದರಿ ಎನ್ನಲು ನಾಲಿಗೆ ಏಳುವುದಿಲ್ಲ, ಅಷ್ಟೆ. ತುಂಗಭದ್ರೆಯ ದಡದವರಾದ ನಾವು ಈ ಭಾಗವನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಮರಳಿ ಸೋಪಿಗೆ ಬರೋಣ. ಕಂಪನಿಯ ಇತ್ತೀಚಿನ ನಡೆಗಳಲ್ಲಿ ನನಗೆ ಒಪ್ಪಿಗೆಯಾದವೂ ಆಗದವೂ ಇವೆ. 2012ರಲ್ಲಿ 720 ರೂಪಾಯಿಯ ‘ಮಿಲೇನಿಯಂ’ ಬಿಲ್ಲೆ ತಂದಾಗ ನಕ್ಕವರು ಬಹಳ. ಗಂಧದೆಣ್ಣೆಯ ಬೆಲೆ ಗೊತ್ತಿದ್ದವರು ನಗಲಿಲ್ಲ. 2025ರ ಮೇ ತಿಂಗಳಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ರಾಯಭಾರಿಯಾಗಿ ಮಾಡಿಕೊಂಡಾಗ, ಕನ್ನಡದ ನಟಿಯರಿರಲಿಲ್ಲವೇ ಎಂಬ ಪ್ರಶ್ನೆಯೇ ದೊಡ್ಡದಾಯಿತು. ಆ ಅಸಮಾಧಾನ ಸಹಜವಾದದ್ದು, ಆದರೂ ಹೊರರಾಜ್ಯಗಳ ಪೇಟೆ ಹಿಡಿಯಲು ಹಣ ಹಾಕುವ ಸರ್ಕಾರಿ ಕಂಪನಿಯನ್ನು, ನಷ್ಟ ತುಂಬಲು ಹಣ ಕೇಳುವ ಸರ್ಕಾರಿ ಕಂಪನಿಗಿಂತ ನಾನು ಮೇಲೆಂದೇ ಎಣಿಸುತ್ತೇನೆ. ಒಪ್ಪಲಾಗದ್ದು ಖರೀದಿಯ ಕಡೆಯದು: ಕಚ್ಚಾವಸ್ತುವಿನ ಟೆಂಡರ್ ಸುತ್ತ 2023ರಲ್ಲಿ ಎದ್ದ ಲೋಕಾಯುಕ್ತ ಪ್ರಕರಣದಲ್ಲಿ ಆಗಿನ ಅಧ್ಯಕ್ಷರು ರಾಜೀನಾಮೆ ಕೊಡಬೇಕಾಯಿತು. ಲಾಭ ಮಾಡುವ ನಿಗಮದ ಅಧ್ಯಕ್ಷಗಿರಿಯನ್ನು ರಾಜಕೀಯ ಪುನರ್ವಸತಿಗೆ ಬಳಸುವವರೆಗೆ ಈ ಅಪಾಯ ತಪ್ಪಿದ್ದಲ್ಲ. 2025ರ ಸೆಪ್ಟೆಂಬರ್ 22ರಿಂದ ಸೋಪಿನ ಮೇಲಿನ ಜಿಎಸ್‌ಟಿ ಶೇಕಡ 18ರಿಂದ 5ಕ್ಕೆ ಇಳಿದದ್ದು ಎಲ್ಲ ಕಂಪನಿಗಳಿಗೂ ಸಮಾನವಾಗಿ ಸಿಕ್ಕ ಅನುಕೂಲ. ಹಳೆಯ ದಾಸ್ತಾನಿನ ಡಬ್ಬಿ ಕೈಗೆ ಬಂದರೆ ಮೇಲಿನ ದರವನ್ನೊಮ್ಮೆ ನೋಡಿಕೊಳ್ಳಿ.

ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು. ದಿನಬಳಕೆಗೆ ಸಾಮಾನ್ಯ ಬಿಲ್ಲೆಯೇ ಸಾಕು, ದೊಡ್ಡ ಅಳತೆಯದ್ದನ್ನು ಕೊಂಡು ನೀರು ನಿಲ್ಲದ ತಟ್ಟೆಯಲ್ಲಿಟ್ಟರೆ ಮಳೆಗಾಲದಲ್ಲೂ ಬಾಳಿಕೆ ಬರುತ್ತದೆ. ಚರ್ಮ ಬಹಳ ಒಣಗುವವರು ಮಾಗಿಯ ಚಳಿಯಲ್ಲಿ ಸ್ನಾನಕ್ಕೆ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವ ನಮ್ಮ ಪದ್ಧತಿಯನ್ನು ಬಿಡಬೇಕಾಗಿಲ್ಲ. ತೀಕ್ಷ್ಣ ಪರಿಮಳ ಒಗ್ಗದವರಿಗೂ ಎಳೆಗೂಸುಗಳಿಗೂ ಇದು ಹೊಂದುವುದಿಲ್ಲ.

ಜಮೀನುಳ್ಳವರಿಗೆ ಇನ್ನೊಂದು ಮಾತು. ರೈತರು ಗಂಧ ಬೆಳೆದರೆ ತಾನೇ ಕೊಳ್ಳುವುದಾಗಿ ಕಂಪನಿ ಹೇಳುತ್ತಿದೆ, ‘ಹೆಚ್ಚು ಶ್ರೀಗಂಧ ಬೆಳೆಸಿ’ ಎಂಬ ಕಾರ್ಯಕ್ರಮವನ್ನೂ ನಡೆಸುತ್ತಿದೆ. ಅಡಿಕೆಗೆ ಎಲೆಚುಕ್ಕೆ ರೋಗ ತಗಲಿ ಕಂಗಾಲಾಗಿರುವ ಮಲೆನಾಡಿನ ರೈತ ಇದನ್ನು ಕೇಳಿಸಿಕೊಳ್ಳಲು ಸಿದ್ಧನಿದ್ದಾನೆ. ಆದರೆ ತಿರುಳು ಕಟ್ಟಲು ಹದಿನೈದು ಇಪ್ಪತ್ತು ವರ್ಷ ಬೇಕಾದ, ಪಕ್ಕದ ಗಿಡದ ಬೇರಿನಿಂದ ಆಹಾರ ಹೀರಿ ಬದುಕುವ, ಕಳ್ಳರ ಕಣ್ಣು ಸದಾ ನೆಟ್ಟಿರುವ ಮರವನ್ನು ಒಂಟಿಮನೆಯವರು ಕಾಯುವುದು ಹೇಗೆ? ಕಳುವಾದ ಮರಕ್ಕೆ ವಿಮೆ, ಕಟಾವಿನ ದಿನ ಅಲೆದಾಡಿಸದೆ ಸಿಗುವ ಪರವಾನಗಿ, ನೆಡುವಾಗಲೇ ಬರೆದುಕೊಡುವ ಕನಿಷ್ಠ ದರದ ಒಪ್ಪಂದ, ಇವು ಮೂರನ್ನೂ ಕೊಡುವುದಾದರೆ ತಾಲ್ಲೂಕಿಗೆ ಹತ್ತಾರು ಎಕರೆ ಗಂಧ ಎದ್ದೇಳುವುದು ಕಷ್ಟವಲ್ಲ. ಹೊಸ ಘಟಕವನ್ನು ವಿಜಯಪುರದಲ್ಲಿ ಕಟ್ಟುವ ಯೋಜನೆಯನ್ನು ಸರ್ಕಾರ ಪ್ರಕಟಿಸಿದೆ, ಅದಕ್ಕೆ ನಮ್ಮ ತಕರಾರಿಲ್ಲ; ಕಂಪನಿಯು ಮರಯೂರಿನ ಹರಾಜಿನಲ್ಲಿ ತೆರುವ ಬೆಲೆಯನ್ನು ಹೊಸನಗರದ ರೈತನಿಗೂ ತೆರುತ್ತದೆಯೇ ಎಂಬುದಕ್ಕೆ ಲಿಖಿತ ಉತ್ತರವನ್ನು ಅದು ಕೊಡಬೇಕು.